ಬೀಗದ ಕೈ ಯಾರ ಹತ್ತಿರ? ಸೋಲಾಪುರದ ಸೆಟ್ಲಮೆಂಟ್ ಕಥೆ



ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯವನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ. ಆದರೆ ಅದರ ತೀರ ಕೊನೆಯಲ್ಲಿರುವ ಒಂದು ಸಣ್ಣ ಸಂಗತಿ ನನ್ನ ಗಮನಕ್ಕೆ ಬಂದದ್ದು ಈ ವರ್ಷವೇ. ಕೈದಿಯಾಗಿ ರೋಮಿಗೆ ಹೋದ ಸಂತ ಪೌಲ ಅಲ್ಲಿ ಎರಡು ವರ್ಷ ಇದ್ದದ್ದು ಸೆರೆಮನೆಯ ಕತ್ತಲ ಕೋಣೆಯಲ್ಲಲ್ಲ, ಒಂದು ಬಾಡಿಗೆ ಮನೆಯಲ್ಲಿ. ಕಾವಲಿಗೆ ಸಿಪಾಯಿ ಇದ್ದ. ಬಾಡಿಗೆ ಮಾತ್ರ ಪೌಲನದೇ. ತನ್ನನ್ನು ನೋಡಲು ಬಂದವರನ್ನೆಲ್ಲ ಆತ ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದ. ಕೈದಿಯೂ ಹೌದು, ಬಾಡಿಗೆದಾರನೂ ಹೌದು.

ಇದು ಕಣ್ಣಿಗೆ ಬೀಳಲು ಒಂದು ಕಾರಣವಿದೆ. ಕೆಲವು ತಿಂಗಳ ಹಿಂದೆ ಜೈಲಿನಿಂದ ಬಿಡುಗಡೆಯಾದ ಒಬ್ಬ ಅಣ್ಣ ನಮ್ಮ ಯುವಕರಲ್ಲಿ ಒಬ್ಬನ ಪರಿಚಯದ ಮೇಲೆ ಮನೆ ಹುಡುಕುತ್ತ ಬಂದರು. ಕೆಲಸ ಸಿಕ್ಕಿತ್ತು, ಮುಂಗಡ ಕೊಡಲು ಹಣವೂ ಇತ್ತು. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಮಾಹಿತಿ ಫಾರಂ ತುಂಬುವಾಗ ಹಳೆಯದೆಲ್ಲ ಹೊರಬಂತು. ಒಂದು ಮನೆಯವರು ಇಲ್ಲ ಎಂದರು, ಇನ್ನೊಂದು ಮನೆಯವರು ನಾಳೆ ಹೇಳುತ್ತೇವೆ ಎಂದರು. ಮೂರನೆಯವರು ಸಾಮಾನು ಇಳಿಸಿದ ಮೇಲೆ ವಾಪಸ್ ಏರಿಸಿ ಕಳಿಸಿದರು. ಕೊನೆಗೆ ನಮ್ಮ ಯುವ ಸಭೆಯಲ್ಲಿ ಒಂದು ಮಾತು ಎದ್ದಿತು: ಧರ್ಮಕೇಂದ್ರದ ಹಿಂದೆ ಖಾಲಿ ಬಿದ್ದಿರುವ ಹಳೆಯ ಕೋಣೆಯನ್ನು ಸುಣ್ಣ ಬಳಿದು ಅವರಿಗೆ ಯಾಕೆ ಕೊಡಬಾರದು? ಎಲ್ಲರೂ ಒಪ್ಪಿದರು. ಆಗ ಒಬ್ಬಳು ತಂಗಿ ಕೇಳಿದಳು, "ಕೊಟ್ಟಮೇಲೆ ಆ ಕೋಣೆ ಅವರದೋ, ನಮ್ಮದೋ? ನಾಳೆ ನಮಗೆ ಸಿಟ್ಟು ಬಂದರೆ ಹೊರಗೆ ಹೋಗು ಅನ್ನಬಹುದೇನು?"

ಯಾರೂ ಉತ್ತರ ಕೊಡಲಿಲ್ಲ. ನನಗೆ ಆಗ ನೆನಪಾದದ್ದು ಸೋಲಾಪುರದ ಸೆಟ್ಲಮೆಂಟ್.

ಸೋಲಾಪುರದವರಿಗೆ, ಅಕ್ಕಲಕೋಟೆಯವರಿಗೆ ಈ ಹೆಸರು ಹೊಸದಲ್ಲ. 'ಸೆಟ್ಲಮೆಂಟ್ ಫ್ರೀ ಕಾಲೊನಿ' ಎಂದು ಇಂದಿಗೂ ವಿಳಾಸದಲ್ಲಿ ಬರೆಯುತ್ತಾರೆ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಇದೆ, ಗದಗ-ಬೆಟಗೇರಿಯಲ್ಲಿ ಇದೆ. ದಿನಾ ಆ ದಾರಿಯಲ್ಲಿ ಓಡಾಡುವವರಿಗೂ ಅದೇಕೆ ಇಂಗ್ಲಿಷ್ ಹೆಸರು, ಅದರಲ್ಲೂ 'ಫ್ರೀ' ಎಂಬ ಮಾತೇಕೆ ಬಂತು ಎಂದು ಕೇಳಬೇಕೆನಿಸುವುದಿಲ್ಲ. ಫ್ರೀ ಕಾಲೊನಿ ಎಂಬುದೊಂದು ಇದ್ದರೆ ಫ್ರೀ ಅಲ್ಲದ್ದು ಇನ್ನೊಂದು ಇದ್ದಿರಲೇಬೇಕಲ್ಲ.

ಇತ್ತು. ಅದರ ಸುತ್ತ ಮುಳ್ಳುತಂತಿ ಇತ್ತು.

ಕಥೆ ಶುರುವಾಗುವುದು 1871ರಲ್ಲಿ. ಆ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂಬುದನ್ನು ತಂದಿತು. ಒಬ್ಬ ಮನುಷ್ಯ ಕಳ್ಳತನ ಮಾಡಿದನೇ ಇಲ್ಲವೇ ಎಂಬ ವಿಚಾರಣೆಯೇ ಅದಕ್ಕೆ ಬೇಕಿರಲಿಲ್ಲ. ಸರ್ಕಾರ ಒಂದು ಜಾತಿಯ ಹೆಸರನ್ನು ಅಧಿಸೂಚನೆಯಲ್ಲಿ ಹಾಕಿದರೆ ಆಯಿತು, ಆ ಜಾತಿಯಲ್ಲಿ ಹುಟ್ಟಿದ ಕೂಸೂ ಅಪರಾಧಿಯೇ. ಆ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದ್ದರು. ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಈ ಕಾನೂನು 1911ರ ಹೊಸ ಕಾಯ್ದೆಯಿಂದ ಮುಂಬಯಿ, ಮದ್ರಾಸ್ ಪ್ರಾಂತಗಳಿಗೂ ಬಂತು. 1924ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಯಿತು. ಆಗಿನ ಸೋಲಾಪುರ, ಬಿಜಾಪುರ, ಧಾರವಾಡ ಎಲ್ಲವೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಕೊರವರು, ಕೈಕಾಡಿಗಳು, ಪಾರ್ಧಿಗಳು, ಹರಣಶಿಕಾರಿಗಳು, ಗಂಟಿಚೋರರು, ಛಪ್ಪರಬಂದರು ಹೀಗೆ ಕನ್ನಡ, ಮರಾಠಿ, ತೆಲುಗು ಮೂರೂ ಬಲ್ಲ ಎಷ್ಟೋ ಅಲೆಮಾರಿ ಜನರ ಹೆಸರು ಈ ಪಟ್ಟಿಗೆ ಸೇರಿದವು.

ಛಪ್ಪರಬಂದ್ ಎಂಬ ಹೆಸರನ್ನು ಸ್ವಲ್ಪ ನೋಡಿ. ಛಪ್ಪರ ಎಂದರೆ ಹುಲ್ಲಿನ ಮಾಡು, ಅದನ್ನು ಕಟ್ಟುವವರು ಛಪ್ಪರಬಂದರು. ಊರವರಿಗೆ ಮಾಡು ಕಟ್ಟಿಕೊಟ್ಟವರು ಎಂಬ ಹೆಸರಿನ ಜನರನ್ನೇ ಹಿಡಿದು ತಂದು, ಇಲ್ಲೇ ಇರಬೇಕು ಎಂದು ಜಾಗ ತೋರಿಸಿದರು. ಬಿಜಾಪುರದ ವಸಾಹತು ಶುರುವಾದದ್ದು ಅವರಿಂದಲೇ, 1910ರ ಸುಮಾರಿಗೆ. ಅದನ್ನು ನಡೆಸಲು ನೇಮಕವಾದವರು ಓ. ಎಚ್. ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. ಮುಂದೆ ಇಡೀ ಮುಂಬಯಿ ಪ್ರಾಂತದ ಇಂಥ ವಸಾಹತುಗಳಿಗೆಲ್ಲ ಅವರೇ ಮೇಲಧಿಕಾರಿಯಾದರು.

ಸ್ಟಾರ್ಟ್ ಕೆಟ್ಟ ಮನುಷ್ಯನಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವರ ಕಥೆಯಾಗಿದ್ದರೆ ನಾವು ಕಲಿಯುವುದು ಅಷ್ಟಾಗಿ ಇರುತ್ತಿರಲಿಲ್ಲ. ಈ ಜನರಿಗೆ ಕೆಲಸ ಬೇಕು, ಮಕ್ಕಳಿಗೆ ಶಾಲೆ ಬೇಕು, ಸಾಲಕ್ಕೆ ಸಹಕಾರಿ ಸಂಘ ಬೇಕು ಎಂದು ನಂಬಿದ್ದ ಮನುಷ್ಯ ಆತ. 1928ರಲ್ಲಿ ಮುಂಬಯಿ ಸರ್ಕಾರ ಹಿಂದುಳಿದ ವರ್ಗಗಳ ಸ್ಥಿತಿಗತಿ ತಿಳಿಯಲು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಡಾ. ಬಿ. ಆರ್. ಅಂಬೇಡ್ಕರ್ ಅದರಲ್ಲಿ ಸದಸ್ಯರಾಗಿದ್ದರು. 1930ರಲ್ಲಿ ಅದರ ವರದಿ ಬಂತು.

ಸೋಲಾಪುರವನ್ನೇ ಯಾಕೆ ಆರಿಸಿದರು? ಗಿರಣಿಗಳಿದ್ದವು. 1877ರಲ್ಲೇ ಅಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾಗಿತ್ತು, ನಮ್ಮ ಅಜ್ಜಂದಿರ ಬಾಯಲ್ಲಿ 'ಜುನಿ ಮಿಲ್ಲು'. ಆಮೇಲೆ ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ ಗಿರಣಿಗಳು ಬಂದವು. ಗಿರಣಿಗೆ ಕೈಗಳು ಬೇಕು, ಸರ್ಕಾರಕ್ಕೆ ಈ ಜನರನ್ನು ಒಂದು ಕಡೆ ಕೂಡಿಹಾಕಬೇಕು. ಎರಡೂ ಕೂಡಿಬಂದವು. 1910ರ ದಶಕದಲ್ಲಿ ಉಮೇದ್‌ಪುರ ಎಂಬ ಹೆಸರಿನ ವಸಾಹತು ಬೆಳೆಯಿತು. ಉಮೇದ್ ಎಂದರೆ ಭರವಸೆ! ಮುಂದೆ ಇದು ಮುಂಬಯಿ ಪ್ರಾಂತದ ದೊಡ್ಡ ವಸಾಹತುಗಳಲ್ಲಿ ಒಂದಾಯಿತು.

ಇದನ್ನು ದಿನನಿತ್ಯ ನಡೆಸುವ ಹೊಣೆ ಅಮೆರಿಕನ್ ಮರಾಠಿ ಮಿಷನ್ನಿನ ಕೈಗೆ ಬಂತು. ಬೇರೆ ಪ್ರಾಂತಗಳಲ್ಲಿ ಇದೇ ಕೆಲಸವನ್ನು ಸಾಲ್ವೇಷನ್ ಆರ್ಮಿ ವಹಿಸಿಕೊಂಡಿತ್ತು. ಆಂಧ್ರದ ಗುಂಟೂರು ಸೀಮೆಯಲ್ಲಿ ಎರುಕಲರಿಗಾಗಿ 1913ರಲ್ಲಿ ಅವರು ನಡೆಸಲು ಶುರುಮಾಡಿದ ಸ್ಟುವರ್ಟ್‌ಪುರಂ ತೆಲುಗು ಸಿನಿಮಾಗಳಿಂದ ನಿಮಗೂ ಗೊತ್ತಿರಬಹುದು. ಅದಕ್ಕೆ ಇಟ್ಟದ್ದು ಮದ್ರಾಸ್ ಸರ್ಕಾರದ ಹೆರಾಲ್ಡ್ ಸ್ಟುವರ್ಟ್ ಎಂಬ ಅಧಿಕಾರಿಯ ಹೆಸರು. ಕ್ರೈಸ್ತರಾದ ನಮಗೆ ಈ ಪುಟಗಳನ್ನು ಓದುವಾಗ ಒಂದು ಕಡೆ ಹೆಮ್ಮೆ, ಒಂದು ಕಡೆ ಮುಜುಗರ. ಅಕ್ಷರ ಕಲಿಸಿದವರೂ ನಮ್ಮವರೇ, ಹಾಜರಿ ಪುಸ್ತಕ ಹಿಡಿದವರೂ ನಮ್ಮವರೇ.

ವ್ಯವಸ್ಥೆ ಹೀಗಿತ್ತು. ಹೊಸದಾಗಿ ತಂದ ಕುಟುಂಬ ತಂತಿಯೊಳಗೆ ಇರಬೇಕು. ದಿನಕ್ಕೆ ಹಾಜರಿ ಕೂಗುತ್ತಾರೆ, ಇಲ್ಲದವನನ್ನು ಹುಡುಕಿಸುತ್ತಾರೆ. ಗಿರಣಿಗೆ ಹೋಗಿ ಬರಬಹುದು, ಆದರೆ ಮದುವೆಗೋ ಸಾವಿಗೋ ಬೇರೆ ಊರಿಗೆ ಹೋಗಬೇಕಾದರೆ ಪಾಸು ಬೇಕು. ಪಾಸಿಲ್ಲದೆ ಹೋದರೆ ಅದೇ ಅಪರಾಧ, ಅದಕ್ಕೆ ಜೈಲು. ಮಕ್ಕಳನ್ನು ತಂದೆತಾಯಿಯರಿಂದ ಬೇರೆ ಮಾಡಿ ಶಾಲೆಯಲ್ಲಿ ಇಡುವ ಅಧಿಕಾರವೂ ಕಾಯ್ದೆಯಲ್ಲಿತ್ತು. ಕೆಲವು ವರ್ಷ ಒಳ್ಳೆಯ ನಡತೆ ತೋರಿಸಿದವರಿಗೆ ತಂತಿಯ ಹೊರಗೆ ಮನೆ ಕಟ್ಟಿಕೊಳ್ಳಲು ಅನುಮತಿ ಸಿಗುತ್ತಿತ್ತು. ಅದೇ ಫ್ರೀ ಕಾಲೊನಿ. ಅದರ ನಂತರ ಷರತ್ತಿನ ಮೇಲೆ ಬಿಡುಗಡೆ. ಷರತ್ತು ಮುರಿದರೆ ಮತ್ತೆ ತಂತಿಯೊಳಗೆ.

ಈಗಿನ ಜೈಲು ಸುಧಾರಣೆಯ ಪುಸ್ತಕ ತೆರೆದರೆ ಇದೇ ಮೆಟ್ಟಿಲುಗಳು ಕಾಣುತ್ತವೆ: ಗೋಡೆಯೊಳಗೆ, ಆಮೇಲೆ ತೆರೆದ ಬಂದೀಖಾನೆ, ಆಮೇಲೆ ಆಶ್ರಯಮನೆ, ಕೊನೆಗೆ ಊರು. ಒಂದು ದೊಡ್ಡ ವ್ಯತ್ಯಾಸ ಮರೆಯಬಾರದು. ಜೈಲಿನಿಂದ ಬಂದವನಿಗೆ ಒಂದು ವಿಚಾರಣೆಯಾದರೂ ಆಗಿರುತ್ತದೆ. ಸೆಟ್ಲಮೆಂಟಿನ ಹೆಚ್ಚಿನವರಿಗೆ ಅದೂ ಆಗಿರಲಿಲ್ಲ. ಆದರೆ ಮನೆಯ ವಿಷಯಕ್ಕೆ ಬಂದರೆ ಇಬ್ಬರ ಪಾಡೂ ಒಂದೇ. ಮನೆ ಕೊಡುವವನೇ ನಡತೆ ಅಳೆಯುವವನು. ಮನೆಮಾಲೀಕ, ಮೇಸ್ತ್ರಿ, ಶಾಲಾ ಮಾಸ್ತರ, ಕಾವಲುಗಾರ ಎಲ್ಲರೂ ಒಂದೇ ಕಂಪೌಂಡಿನವರು. ಕೆಲಸ ಬಿಟ್ಟರೆ ಮನೆ ಹೋಗುತ್ತದೆ, ಮೇಲಿನವರೊಂದಿಗೆ ಜಗಳವಾದರೆ ಮನೆ ಹೋಗುತ್ತದೆ. ಗಿರಣಿಯಲ್ಲಿ ಕೂಲಿ ಕಡಿಮೆ ಎಂದು ಉಳಿದ ಕಾರ್ಮಿಕರೊಂದಿಗೆ ಮುಷ್ಕರಕ್ಕೆ ನಿಂತರೆ? ಅಂಥವನ ರಾತ್ರಿಯ ಹಾಜರಿ ಯಾರ ಕೈಯಲ್ಲಿದೆ ಎಂದು ಯೋಚಿಸಿ ನೋಡಿ.

ಇದೇ ಕಾಲದಲ್ಲಿ ಅದೇ ಪ್ರಾಂತದಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಮುಂಬಯಿಯಲ್ಲಿ ಮನೆಬಾಡಿಗೆ ವಿಪರೀತ ಏರಿತು. 1918ರಲ್ಲಿ ಸರ್ಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಭಾರತದಲ್ಲಿ ಬಾಡಿಗೆದಾರನಿಗೆ ರಕ್ಷಣೆ ಕೊಟ್ಟ ಮೊದಲ ಕಾನೂನುಗಳಲ್ಲಿ ಇದೊಂದು. ಮಾಲೀಕ ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸುವಂತಿಲ್ಲ, ಮನಸ್ಸಿಗೆ ಬಂದಂತೆ ಹೊರಹಾಕುವಂತಿಲ್ಲ. ಮುಂಬಯಿಯ ಚಾಳಿನಲ್ಲಿದ್ದ ಗುಮಾಸ್ತನಿಗೆ ಹೀಗೆ ಕಾನೂನಿನ ಆಸರೆ ಸಿಕ್ಕ ಹೊತ್ತಿನಲ್ಲಿ, ಸೋಲಾಪುರದಲ್ಲಿ ತಾನೇ ಗೋಡೆ ಎತ್ತಿ ಮಾಡು ಹೊದಿಸಿದ ಗುಡಿಸಲಿನಲ್ಲಿದ್ದ ಕೈಕಾಡಿಗೆ ಏನೂ ಇರಲಿಲ್ಲ. ಆತ ಬಾಡಿಗೆದಾರನೇ ಅಲ್ಲವಲ್ಲ.

ಹಾಗಾದರೆ ಆತ ಯಾರು? ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು, ಬೇಸರಪಡಬೇಡಿ. ನಮ್ಮ ದೇಶದಲ್ಲಿ ಇನ್ನೊಬ್ಬರ ಕೋಣೆಯಲ್ಲಿ ಇರಲು ಮುಖ್ಯವಾಗಿ ಎರಡು ದಾರಿ. ಒಂದು ಲೀಸು, ಅಂದರೆ ಬಾಡಿಗೆ. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿದೆ. ಬಾಡಿಗೆದಾರನಿಗೆ ಆ ಕೋಣೆಯಲ್ಲಿ ಒಂದು ಹಕ್ಕೇ ಹುಟ್ಟುತ್ತದೆ, ಅವಧಿ ಇರುವ ತನಕ ಮಾಲೀಕನನ್ನೂ ಹೊಸಿಲಾಚೆ ನಿಲ್ಲಿಸಬಹುದು. ಇನ್ನೊಂದು ಲೈಸೆನ್ಸ್, ಅಂದರೆ ಬರೀ ಅನುಮತಿ. ಇದು ಅದೇ 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿದೆ. ಇಲ್ಲಿ ಹಕ್ಕಿಲ್ಲ, ಒಪ್ಪಿಗೆ ಇದೆ ಅಷ್ಟೇ. ಒಪ್ಪಿಗೆ ಹಿಂತೆಗೆದರೆ ಎದ್ದು ಹೋಗಬೇಕು. ಮಹಾರಾಷ್ಟ್ರದಲ್ಲಿ ಮನೆ ಹುಡುಕಿದವರಿಗೆಲ್ಲ 'ಲೀವ್ ಅಂಡ್ ಲೈಸೆನ್ಸ್' ಹನ್ನೊಂದು ತಿಂಗಳ ಕಾಗದ ಗೊತ್ತು. ಆ ಲೈಸೆನ್ಸ್ ಇದೇ.

ಹಾಗೆಂದು ಲೈಸೆನ್ಸಿನವನು ಬೀದಿಯ ನಾಯಿಯಲ್ಲ. ಅನುಮತಿ ರದ್ದಾದರೂ ಹೊರಡಲು, ಸಾಮಾನು ಸಾಗಿಸಲು ಸಾಕಷ್ಟು ಸಮಯ ಕೊಡಬೇಕು ಎಂದು ಆ ಕಾಯ್ದೆಯ 63ನೆಯ ಕಲಮು ಹೇಳುತ್ತದೆ. 60ನೆಯ ಕಲಮು ಇನ್ನೂ ಸ್ವಾರಸ್ಯದ್ದು. ಅನುಮತಿಯನ್ನು ನಂಬಿ ಒಬ್ಬ ಸ್ವಂತ ಖರ್ಚಿನಲ್ಲಿ ಕಾಯಂ ಸ್ವರೂಪದ ಕೆಲಸ ಮಾಡಿಸಿದ್ದರೆ ಅನುಮತಿಯನ್ನು ಸುಮ್ಮನೆ ಹಿಂತೆಗೆಯುವಂತಿಲ್ಲ. ನನಗೆ ಇದನ್ನು ಓದಿದಾಗ ಫ್ರೀ ಕಾಲೊನಿಯ ಗೋಡೆಗಳೇ ಕಣ್ಣೆದುರು ಬಂದವು. ಆದರೆ ಬಲವಂತವಾಗಿ ತಂದು ಕೂರಿಸಿದವನು 'ಅನುಮತಿ ಪಡೆದವನು' ಎಂದು ವಾದಿಸಲು ಯಾವ ಕೋರ್ಟಿಗೆ ಹೋಗಬೇಕಿತ್ತು? ಅಧಿಸೂಚನೆಯನ್ನು ಪ್ರಶ್ನಿಸಬಾರದೆಂದು ಕೋರ್ಟಿನ ಬಾಗಿಲು ಮೊದಲೇ ಮುಚ್ಚಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಈ ವ್ಯವಸ್ಥೆ ಕುಸಿಯತೊಡಗಿತ್ತು. 1937ರಲ್ಲಿ ಮುಂಬಯಿಯ ಕಾಂಗ್ರೆಸ್ ಸರ್ಕಾರ ಕೆ. ಎಂ. ಮುನ್ಷಿಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಮಾಡಿತು. ಮದ್ರಾಸ್ ಪ್ರಾಂತ 1947ರಲ್ಲಿ, ಮುಂಬಯಿ 1949ರಲ್ಲಿ ಕಾಯ್ದೆ ರದ್ದುಮಾಡಿದವು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ಕೊನೆಗೊಂಡಿತು. ಆ ದಿನವನ್ನು ಈಗಲೂ ವಿಮುಕ್ತ ದಿನವೆಂದು ಆಚರಿಸುತ್ತಾರೆ. ನೆಹರೂ ಬಂದು ಸೋಲಾಪುರದ ತಂತಿ ಕತ್ತರಿಸಿದರು ಎಂಬ ಮಾತು ಹಿರಿಯರ ಬಾಯಲ್ಲಿ ಉಳಿದಿದೆ.

ತಂತಿ ಹೋಯಿತು. ಮನೆ?

ಇತಿಹಾಸದ ಪಾಠಗಳಲ್ಲಿ ಕಥೆ ಸಾಮಾನ್ಯವಾಗಿ 1952ಕ್ಕೆ ನಿಲ್ಲುತ್ತದೆ. ನಿಜವಾದ ತೊಡಕು ಶುರುವಾಗುವುದು ಅಲ್ಲಿಂದಲೇ. 1947ರಲ್ಲಿ ಮುಂಬಯಿ ಬಾಡಿಗೆ ಕಾಯ್ದೆ ಹೊಸದಾಗಿ, ಬಲವಾಗಿ ಬಂತು. ಅದರ 4ನೆಯ ಕಲಮಿನಲ್ಲಿ ಒಂದು ವಿನಾಯಿತಿ ಇತ್ತು: ಸರ್ಕಾರದ, ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೆ ಈ ಕಾಯ್ದೆ ಅನ್ವಯಿಸದು. 1973ರಲ್ಲಿ ಮಹಾರಾಷ್ಟ್ರ ಸರ್ಕಾರ ದೊಡ್ಡ ಮನಸ್ಸು ಮಾಡಿತು. ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ವಾಸವಾಗಿದ್ದವರನ್ನೆಲ್ಲ ಬಾಡಿಗೆದಾರರೆಂದೇ ತಿಳಿಯಬೇಕು ಎಂದು ತಿದ್ದುಪಡಿ ತಂದಿತು. ಸಾವಿರಾರು ಕುಟುಂಬಗಳು ಒಂದು ರಾತ್ರಿಯಲ್ಲಿ ನಿಶ್ಚಿಂತವಾದವು. ಆದರೆ ಸರ್ಕಾರಿ ಜಾಗದ ವಿನಾಯಿತಿ ಹಾಗೇ ಉಳಿಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೂ ಸರ್ಕಾರದ ಕಟ್ಟಡಗಳು ಹೊರಗೇ ಇವೆ.

'ಎಷ್ಟೋ ವರ್ಷದಿಂದ ಇಲ್ಲೇ ಇದ್ದೇವೆ, ನಮ್ಮದೇ ಆಯಿತಲ್ಲ' ಎನ್ನುವವರೂ ಇದ್ದಾರೆ. ಅಷ್ಟು ಸುಲಭವಲ್ಲ. ಸರ್ಕಾರದ ವಿರುದ್ಧ ಸ್ವಾಧೀನದ ಹಕ್ಕು ಹೇಳಲು ಮೂವತ್ತು ವರ್ಷ ಬೇಕು, ಅದೂ ಸರ್ಕಾರದ ಒಪ್ಪಿಗೆಯಿಲ್ಲದೆ, ಎದುರು ನಿಂತು ಅನುಭವಿಸಿದ್ದಾಗಿರಬೇಕು. ಸರ್ಕಾರವೇ ತಂದು ಇರಿಸಿದವನ ವಾಸ ಒಪ್ಪಿಗೆಯ ವಾಸ. ಅಂದರೆ ಅತಿಕ್ರಮಣ ಮಾಡಿದವನಿಗೆ ಒಂದಲ್ಲ ಒಂದು ದಿನ ದಾರಿ ಇದೆ, ಹೇಳಿದಲ್ಲಿ ಕೈಕಟ್ಟಿ ಕೂತವನಿಗೆ ಇಲ್ಲ! ಕಾನೂನಿನ ಈ ತಮಾಷೆ ನನಗಂತೂ ಜೀರ್ಣವಾಗಿಲ್ಲ. ಹೊರಹಾಕಬೇಕಾದರೆ 1955ರ ಮುಂಬಯಿ ಸರ್ಕಾರಿ ಕಟ್ಟಡಗಳ ತೆರವು ಕಾಯ್ದೆಯ ಪ್ರಕಾರ ನೋಟಿಸು ಕೊಟ್ಟು, ಮಾತು ಕೇಳಬೇಕು. ಸಿಕ್ಕಿರುವ ಆಸರೆ ಅಷ್ಟು. ಹಕ್ಕುಪತ್ರ, ಉತಾರ ಎಂಬ ಎರಡು ಶಬ್ದ ಇಂಥ ವಸ್ತಿಗಳ ಪ್ರತಿ ಚುನಾವಣೆಯಲ್ಲೂ ಯಾಕೆ ಕೇಳಿಬರುತ್ತವೆ ಎಂಬುದು ಈಗ ತಿಳಿಯಿತಲ್ಲ.

ಸೋಲಾಪುರದಿಂದ ಪಶ್ಚಿಮಕ್ಕೆ ಹೋದರೆ ಇದಕ್ಕಿಂತ ಬೇರೆಯಾದ ಒಂದು ಪ್ರಯತ್ನ ಕಾಣುತ್ತದೆ. ಜತ್ ತಾಲೂಕಿನವರಿಗೆ ಆಟಪಾಡಿ ಗೊತ್ತು, ಅದೇ ಸಾಂಗಲಿ ಜಿಲ್ಲೆ. ಅಲ್ಲಿ ಸ್ವತಂತ್ರಪುರ ಎಂಬ ತೆರೆದ ಬಂದೀಖಾನೆ ಇದೆ. ಆಗ ಅದು ಔಂಧ್ ಸಂಸ್ಥಾನದ ನೆಲ. 1939ರ ಸುಮಾರಿಗೆ ರಾಜ ಭವಾನರಾವ್ ಪಂತ ಪ್ರತಿನಿಧಿಯವರ ಬೆಂಬಲದಿಂದ ಅದನ್ನು ಶುರುಮಾಡಿದವರು ಮಾರಿಸ್ ಫ್ರಿಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರ್. ಈತ ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸಿದವರು. ಗೋಡೆಯಿಲ್ಲ, ತಂತಿಯಿಲ್ಲ, ಕೊಲೆ ಮಾಡಿ ಶಿಕ್ಷೆಯಾದವರೂ ಅಲ್ಲಿ ಹೊಲ ಉಳುತ್ತಿದ್ದರು, ಹೆಂಡತಿ ಮಕ್ಕಳೊಂದಿಗೆ ಇರುತ್ತಿದ್ದರು. ವಿ. ಶಾಂತಾರಾಂ ಅವರ 1957ರ 'ದೋ ಆಂಖೇಂ ಬಾರಹ್ ಹಾಥ್' ಸಿನಿಮಾ ಹುಟ್ಟಿದ್ದು ಇದರಿಂದಲೇ. ಕಥೆ ಬರೆದ ಗ. ದಿ. ಮಾಡಗೂಳಕರ್ ಅದೇ ಸೀಮೆಯವರು. ನೋಡಿಲ್ಲದಿದ್ದರೆ ಯುವ ಸಭೆಯ ಒಂದು ಸಂಜೆಗೆ ಹಾಕಿಕೊಳ್ಳಿ, ಈಗಿನವರಿಗೂ ಹಿಡಿಸುತ್ತದೆ.

ಇದೇ ದಾರಿಯಲ್ಲಿ 1963ರಲ್ಲಿ ರಾಜಸ್ಥಾನದ ಜೈಪುರದ ಬಳಿ ಸಾಂಗಾನೇರ್ ತೆರೆದ ಶಿಬಿರ ಬಂತು. ಆಗಿನ ರಾಜ್ಯಪಾಲ ಸಂಪೂರ್ಣಾನಂದರ ಹೆಸರೇ ಅದಕ್ಕಿದೆ. ಅಲ್ಲಿನ ಕೈದಿಗಳು ಕುಟುಂಬದೊಂದಿಗೆ ಇರುತ್ತಾರೆ, ಬೆಳಿಗ್ಗೆ ಊರಿಗೆ ಹೋಗಿ ದುಡಿದು ಸಂಜೆ ಹಾಜರಿಗೆ ಬರುತ್ತಾರೆ. 2024ರಲ್ಲಿ ಅದರ ಜಾಗ ಕಡಿಮೆ ಮಾಡುವ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ತೆರೆದ ಬಂದೀಖಾನೆಗಳ ಜಾಗ ಕುಗ್ಗಿಸಬಾರದು ಎಂದು ಕೋರ್ಟು ಹೇಳಿತು. ನಮ್ಮ ಕಾಸರಗೋಡಿನ ಚೀಮೇನಿಯಲ್ಲೂ ಒಂದು ತೆರೆದ ಜೈಲು ಇದೆ.

ಸಾಂಗಾನೇರಿನಂಥ ಕಡೆ ಒಂದು ವಿಚಿತ್ರ ಇದೆ. ಶಿಕ್ಷೆ ಮುಗಿಯುವ ದಿನವೇ ಮನೆಯೂ ಮುಗಿಯುತ್ತದೆ. ಕೈದಿಯಾಗಿರುವ ತನಕ ಮಾಡು ಇದೆ, ಸ್ವತಂತ್ರನಾದ ಮರುದಿನ ಇಲ್ಲ. ಮಕ್ಕಳು ಅಲ್ಲೇ ಹತ್ತಿರದ ಶಾಲೆಗೆ ಹೋಗುತ್ತಿರುತ್ತಾರೆ, ಕೆಲಸವೂ ಅಲ್ಲೇ. ಬಿಡುಗಡೆಯ ಕಾಗದ ಹಿಡಿದವನು ಹೊರಗೆ ಬಂದು ಮೊದಲು ಹುಡುಕಬೇಕಾದದ್ದು ಮನೆ. ಅಲ್ಲಿ ಮಾಹಿತಿ ಫಾರಂ ಕಾದಿರುತ್ತದೆ. ಹಳೆಯ ಶಿಕ್ಷೆಯ ಕಾರಣಕ್ಕೆ ಮನೆ ನಿರಾಕರಿಸಬಾರದು ಎಂದು ಹೇಳುವ ಪ್ರತ್ಯೇಕ ಕೇಂದ್ರ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2021ರಲ್ಲಿ ಅಂಥದ್ದೊಂದು ಕಾನೂನು ಮಾಡಿದೆ. ಅಲ್ಲಿ ಮಾಲೀಕ ಮೊದಲು ಮನೆ ಕೊಡಲು ಷರತ್ತಿನ ಒಪ್ಪಿಗೆ ಹೇಳಬೇಕು, ಹಳೆಯ ಪ್ರಕರಣಗಳ ಮಾತು ಎತ್ತುವುದು ಆಮೇಲೆ. ಕ್ಯಾಲಿಫೋರ್ನಿಯಾದಲ್ಲಿ 1991ರಿಂದ ತಾತ್ಕಾಲಿಕ ಆಶ್ರಯಮನೆಗಳಿಗೆಂದೇ ಒಂದು ಕಾಯ್ದೆ ಇದೆ. ಗಲಾಟೆ ಮಾಡುವ ನಿವಾಸಿಯನ್ನು ಬೇಗ ಹೊರಗೆ ಕಳಿಸಲು ಸಂಸ್ಥೆಗೆ ಅದು ದಾರಿ ಕೊಡುತ್ತದೆ, ಆದರೆ ನ್ಯಾಯಾಧೀಶರ ಮುಂದೆ ಹೋಗಿಯೇ. ವಾರ್ಡನ್ ಸಿಟ್ಟಾದ ಎಂಬುದೊಂದೇ ಸಾಲದು. ನನಗೆ ಈ ಎರಡನೆಯದು ಹೆಚ್ಚು ಹಿಡಿಸಿತು. ಯಾಕೆಂದರೆ ಆಶ್ರಯಮನೆ ನಡೆಸುವುದು ಸುಲಭದ ಕೆಲಸವಲ್ಲ, ಒಬ್ಬ ಕುಡಿದು ಬಂದರೆ ಉಳಿದ ಹತ್ತು ಜನರ ಗತಿ ಏನು? ಆ ಹತ್ತು ಜನರ ಹಕ್ಕೂ ಹಕ್ಕೇ.

ನಮ್ಮಲ್ಲಿ ಧರ್ಮಸಭೆಯ ಸೆರೆಮನೆ ಸೇವಾ ಬಳಗ ಕೇರಳದಲ್ಲಿ 1981ರಲ್ಲಿ ಹುಟ್ಟಿ ಈಗ ದೇಶದ ತುಂಬ ಹರಡಿದೆ. ಬಿಡುಗಡೆಯಾದವರಿಗೆ ಮನೆಗಳನ್ನೂ ನಡೆಸುತ್ತದೆ. ಆಗಸ್ಟ್ ತಿಂಗಳ ಸೆರೆಮನೆ ಸೇವಾ ಭಾನುವಾರದಂದು ನಾವು ಕಾಣಿಕೆ ಎತ್ತುವುದೂ ಅದಕ್ಕೇ. ಆ ಕೆಲಸಕ್ಕೆ ಕೈಮುಗಿಯುತ್ತಲೇ ಒಂದು ಪ್ರಶ್ನೆ ಕೇಳಬೇಕಾಗಿದೆ. ಸೋಲಾಪುರದ ಮಿಷನರಿಗಳೂ ಪ್ರೀತಿಯಿಂದಲೇ ಬಂದವರು. ಪ್ರೀತಿ ಇತ್ತು, ಶಾಲೆ ಇತ್ತು, ಔಷಧ ಇತ್ತು. ನಿವಾಸಿಯ ಕೈಯಲ್ಲಿ ಕಾಗದ ಇರಲಿಲ್ಲ.

ಕಾಗದ ಯಾಕೆ ಮುಖ್ಯ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1959ರಲ್ಲೇ ಒಂದು ಹೋಟೆಲಿನ ಪ್ರಕರಣದಲ್ಲಿ ಹೇಳಿದೆ. ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಆರ್. ಎನ್. ಕಪೂರ್ ಎಂಬ ಆ ತೀರ್ಪಿನ ಸಾರ ಇಷ್ಟು: ಕಾಗದದ ಮೇಲೆ ಲೈಸೆನ್ಸ್ ಎಂದು ಬರೆದ ಮಾತ್ರಕ್ಕೆ ಅದು ಲೈಸೆನ್ಸ್ ಆಗುವುದಿಲ್ಲ, ಇಬ್ಬರ ಉದ್ದೇಶ ಏನಿತ್ತು ನೋಡಬೇಕು. ಕೋಣೆ ಪೂರ್ತಿ ಆತನ ವಶದಲ್ಲಿದ್ದರೆ ಅದು ಮೇಲ್ನೋಟಕ್ಕೆ ಬಾಡಿಗೆಯೇ. ಇಂಗ್ಲೆಂಡಿನಲ್ಲಿ 1985ರ ಸ್ಟ್ರೀಟ್ ವಿರುದ್ಧ ಮೌಂಟ್‌ಫೋರ್ಡ್ ಪ್ರಕರಣದಲ್ಲಿ ಲಾರ್ಡ್ ಟೆಂಪಲ್‌ಮನ್ ಇದನ್ನೇ ರೈತನ ಭಾಷೆಯಲ್ಲಿ ಹೇಳಿದರು. ಐದು ಹಲ್ಲಿನ ಮುಳ್ಳುಗುದ್ದಲಿ ಮಾಡಿಟ್ಟು ಇದು ಸಲಿಕೆ ಎಂದು ಕಮ್ಮಾರ ಎಷ್ಟು ಸಾಧಿಸಿದರೂ ಅದು ಸಲಿಕೆಯಾಗದು ಎಂಬ ಅರ್ಥದ ಮಾತು. ಆಶ್ರಯಮನೆಯ ವಿಷಯದಲ್ಲಿ ಇದು ಎರಡೂ ಕಡೆ ಕೊಯ್ಯುತ್ತದೆ. ಹತ್ತು ಜನ ಒಟ್ಟಿಗೆ ಮಲಗುವ ಹಾಲ್, ರಾತ್ರಿ ಬಾಗಿಲು ಹಾಕುವ ವಾರ್ಡನ್, ಜೊತೆಗೆ ಊಟ ಇದ್ದರೆ ಅದು ಬಾಡಿಗೆ ಎನ್ನುವುದು ಕಷ್ಟ. ಪ್ರತ್ಯೇಕ ಕೋಣೆ, ಪ್ರತ್ಯೇಕ ಬೀಗ, ತಿಂಗಳಿಗೆ ಇಷ್ಟು ಎಂದು ಹಣ ಇದ್ದರೆ ನಾವು ಸೇವೆ ಎಂದು ಕರೆದರೂ ಕೋರ್ಟು ಬಾಡಿಗೆ ಎನ್ನಬಹುದು. ಅದಕ್ಕೇ ಮೇಲೆ ಶೀರ್ಷಿಕೆಯಲ್ಲಿ ಬೀಗದ ಕೈಯ ಪ್ರಶ್ನೆ ಇಟ್ಟದ್ದು.

ಇನ್ನೊಂದು ಕಲಮು ನೆನಪಿಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನ ಪ್ರಕಾರ, ಸ್ವಾಧೀನದಲ್ಲಿದ್ದವನನ್ನು ಕಾನೂನು ಬಿಟ್ಟು ಹೊರದಬ್ಬಿದರೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು. ಮಾಲೀಕ ಯಾರು ಎಂಬ ವಾದ ಆಮೇಲಿನದು. ಆದರೆ ಸರ್ಕಾರದ ವಿರುದ್ಧ ಈ ದಾವೆ ಹಾಕುವಂತಿಲ್ಲ ಎಂದೂ ಅಲ್ಲೇ ಬರೆದಿದೆ. ಹೊಸೂರು, ತಾಳವಾಡಿ, ನೀಲಗಿರಿಯವರೇ, ನಿಮ್ಮಲ್ಲಿ 2017ರ ತಮಿಳುನಾಡು ಬಾಡಿಗೆ ಕಾಯ್ದೆ ಬರಹದ ಕರಾರನ್ನೇ ಕೇಳುತ್ತದೆ. ಕಾಸರಗೋಡು, ವಯನಾಡಿನವರಿಗೆ 1965ರ ಕೇರಳ ಕಾಯ್ದೆ. ಊರಿಗೊಂದು ಕಾನೂನು, ಆದ್ದರಿಂದ ಸಹಿ ಹಾಕುವ ಮೊದಲು ಅಲ್ಲಿನ ವಕೀಲರನ್ನೊಮ್ಮೆ ಕೇಳಿ.

2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲು ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ಹೊಡೆದುಹಾಕಿತು. ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಣುವ ಹಳೆಯ ವಾಸನೆ ಆ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿತ್ತು. ಕಾಯ್ದೆ ಸತ್ತು 72 ವರ್ಷವಾಗಿತ್ತು.

ನಮ್ಮ ಕೋಣೆಯ ವಿಷಯಕ್ಕೆ ಬರುತ್ತೇನೆ. ಸುಣ್ಣ ಆಗಿದೆ, ಕರೆಂಟಿನ ಮೀಟರ್ ಬೇರೆ ಮಾಡಿಸಿದ್ದೇವೆ. ಆ ಅಣ್ಣ ತಿಂಗಳಿಗೆ ಕೊಡುವ ಹಣಕ್ಕೆ ರಸೀದಿ ಕೊಡಬೇಕೆಂದು ಫಾದರ್ ಹೇಳಿದರು, ಪುಕ್ಕಟೆ ಇರಲು ಅಣ್ಣನೂ ಒಪ್ಪಲಿಲ್ಲ. ಒಂದು ಪುಟದ ಕರಾರು ಕನ್ನಡದಲ್ಲಿ ಬರೆದಿದ್ದೇವೆ. ಎರಡು ಬೀಗದ ಕೈ ಅವರ ಹತ್ತಿರ, ನಮ್ಮ ಹತ್ತಿರ ಒಂದೂ ಇಲ್ಲ. ಅವರನ್ನು ಕೇಳದೆ ಯಾರೂ ಒಳಗೆ ಹೋಗುವಂತಿಲ್ಲ. ಪ್ರಾರ್ಥನೆಗೆ ಬರಲಿ ಬಿಡಲಿ, ಕೋಣೆಗೂ ಅದಕ್ಕೂ ಸಂಬಂಧವಿಲ್ಲ. ಈ ಸಾಲಿನ ಬಗ್ಗೆ ಸಭೆಯಲ್ಲಿ ಸ್ವಲ್ಪ ಜೋರಾಗಿಯೇ ಮಾತಾಯಿತು, ಕೊನೆಗೆ ಉಳಿಯಿತು. ನಾವು ಬಿಡಿಸಬೇಕಾದರೆ ಕಾರಣ ಬರೆದು ಕೊಡಬೇಕು, ಅವರ ಮಾತು ಕೇಳಲು ನಮ್ಮ ಬಳಗದ ಹೊರಗಿನ ಒಬ್ಬ ಹಿರಿಯರು ಕೂತಿರಬೇಕು.

ಎಷ್ಟು ದಿನದ ನೋಟಿಸು ಎಂಬ ಜಾಗ ಮಾತ್ರ ಇನ್ನೂ ಖಾಲಿ ಇದೆ. ಕೆಲವರು ಹದಿನೈದು ಎನ್ನುತ್ತಾರೆ, ಆ ಪ್ರಶ್ನೆ ಕೇಳಿದ ತಂಗಿ ಅರವತ್ತಕ್ಕೆ ಕಡಿಮೆ ಒಪ್ಪುವುದಿಲ್ಲ. ಬರುವ ಭಾನುವಾರ ಎರಡನೆಯ ಪೂಜೆ ಆದಮೇಲೆ ಕೂರುತ್ತೇವೆ. ಅಣ್ಣನನ್ನೂ ಕರೆದಿದ್ದೇವೆ.